ಹದಿಹರೆಯದ ನೋವಿಗೆ ದನಿ ಸಿಕ್ಕ ಹಾದಿ

ಹದಿಮೂರರಿಂದ ಹದಿನೆಂಟು ವಯಸ್ಸಿನವರು ಓದುವ ಕಥೆಗಳಲ್ಲಿ ಅತ್ಯಾಚಾರ, ಆತ್ಮಹತ್ಯೆ, ಮನೆಯೊಳಗಿನ ಹಿಂಸೆ ಇರಬಹುದೇ ಎಂಬ ಪ್ರಶ್ನೆ ಶಾಲೆಗಳಿಗೆ ಪುಸ್ತಕ ಆರಿಸುವಾಗಲೆಲ್ಲ ಏಳುತ್ತದೆ. ಒಬ್ಬರು ಮಕ್ಕಳ ವಯಸ್ಸಿನ ಮಾತೆತ್ತುತ್ತಾರೆ, ಇನ್ನೊಬ್ಬರು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯನ್ನು ನೆನಪಿಸುತ್ತಾರೆ, ಮತ್ತೊಬ್ಬರು ಇದೆಲ್ಲ ಹೊರದೇಶದಿಂದ ಬಂದ ಗೀಳು ಎನ್ನುತ್ತಾರೆ. ಈ ಮೂರು ಎಳೆಗಳಿಗೂ ಬೇರೆ ಬೇರೆ ಚರಿತ್ರೆಯಿದೆ.

ಹೊರದೇಶದ ಚರಿತ್ರೆಯನ್ನು ಬೇಗ ಹೇಳಿ ಮುಗಿಸಬಹುದು. ಎಸ್. ಇ. ಹಿಂಟನ್ ಹೈಸ್ಕೂಲಿನಲ್ಲಿದ್ದಾಗಲೇ ಬರೆದ, ಹದಿಹರೆಯದ ಹುಡುಗರ ಗುಂಪುಗಳ ಹೊಡೆದಾಟದ ಕಾದಂಬರಿ ‘ದಿ ಔಟ್‌ಸೈಡರ್ಸ್’ 1967ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಆಘಾತದ ನಂತರ ಮನಸ್ಸು ಅನುಭವಿಸುವ ತೊಂದರೆಯನ್ನು ಅಲ್ಲಿನ ಮನೋವೈದ್ಯರ ಸಂಘ 1980ರಲ್ಲಿ ಕಾಯಿಲೆಗಳ ಪಟ್ಟಿಗೆ ಸೇರಿಸಿತು. 1999ರಲ್ಲಿ ಲಾರಿ ಹಾಲ್ಸ್ ಆಂಡರ್ಸನ್ ಅವರ ‘ಸ್ಪೀಕ್’ ಬಂತು. ಅದರ ಹುಡುಗಿ ಮೆಲಿಂಡಾ ಬೇಸಿಗೆಯ ಪಾರ್ಟಿಯೊಂದರಲ್ಲಿ ಅತ್ಯಾಚಾರಕ್ಕೊಳಗಾಗಿ ಪೊಲೀಸರಿಗೆ ಫೋನ್ ಮಾಡುತ್ತಾಳೆ. ನಡೆದದ್ದೇನೆಂದು ಅರಿಯದ ಗೆಳತಿಯರು ಅವಳನ್ನು ದೂರವಿಡುತ್ತಾರೆ, ಅವಳ ಮಾತು ದಿನದಿನಕ್ಕೆ ಇಂಗಿಹೋಗುತ್ತದೆ. ಶಾಲೆಯಲ್ಲಿ ಬಾಯಿ ಬಿಡದ ಆ ಹುಡುಗಿ ಓದುಗರಿಗೆ ಮಾತ್ರ ಪುಟಪುಟದಲ್ಲೂ ಎಲ್ಲವನ್ನೂ ಹೇಳುತ್ತಿರುತ್ತಾಳೆ. ಅಲ್ಲಿನ ಶಾಲೆಗಳಲ್ಲಿ ಈ ಪುಸ್ತಕವನ್ನು ತೆಗೆಸಬೇಕೆಂಬ ಒತ್ತಾಯ ಮತ್ತೆ ಮತ್ತೆ ಬಂದಿದೆ.

ಆದರೆ ನೊಂದ ಮಗು ಕನ್ನಡ ಕಥೆಗೆ ಹೊಸದಲ್ಲ, ಮಲೆನಾಡಿನ ಕಥೆಗಂತೂ ಅಲ್ಲವೇ ಅಲ್ಲ. ತೀರ್ಥಹಳ್ಳಿ ಸೀಮೆಯ ಯು. ಆರ್. ಅನಂತಮೂರ್ತಿ ಅವರ ‘ಘಟಶ್ರಾದ್ಧ’ದಲ್ಲಿ ವೇದಪಾಠಕ್ಕೆ ಬಂದ ಪುಟ್ಟ ಹುಡುಗನೊಬ್ಬ, ತನ್ನನ್ನು ಅಕ್ಕರೆಯಿಂದ ಕಂಡ ವಿಧವೆ ಬಸುರಾಗಿ, ಬದುಕಿರುವಾಗಲೇ ಶ್ರಾದ್ಧ ಮಾಡಿಸಿಕೊಂಡು ಹೊರಬೀಳುವುದನ್ನು ಕಾಣುತ್ತಾನೆ. 1977ರಲ್ಲಿ ಗಿರೀಶ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದರು. ಆ ಹುಡುಗನಿಗೆ ಕಣ್ಣಿದೆ, ಭಯವಿದೆ, ಪ್ರೀತಿಯಿದೆ. ದೊಡ್ಡವರ ತೀರ್ಮಾನದ ಎದುರು ಆಡಬಲ್ಲ ಮಾತು ಮಾತ್ರ ಇಲ್ಲ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಬಾಲ್ಯದಲ್ಲೇ ವಿಧವೆಯಾಗಿ, ನೂರು ವರ್ಷ ದಾಟಿ ಬದುಕಿದ ಹೆಂಗಸಿನ ಕಥೆ. ಅವಳು ತನಗಾಗಿ ಎಂದೂ ದನಿಯೆತ್ತದೆ, ಮುಪ್ಪಿನಲ್ಲಿ ಇನ್ನೊಬ್ಬ ಎಳೆಯ ವಿಧವೆಯ ತಲೆ ಬೋಳಿಸುವ ಪ್ರಶ್ನೆ ಬಂದಾಗ ಆ ಹುಡುಗಿಯ ಪರವಾಗಿ ನಿಲ್ಲುತ್ತಾಳೆ. ಮಾತು ಬರಲು ಒಂದು ಆಯುಷ್ಯವೇ ಬೇಕಾಯಿತು ಎಂಬುದನ್ನು ನೆನೆದಾಗ ಇಂದಿಗೂ ಎದೆ ಭಾರವಾಗುತ್ತದೆ.

ಶರಾವತಿಯ ಮುಳುಗಡೆ ಇನ್ನೊಂದು ಗಾಯ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಳ್ಳುವ ವೇಳೆಗೆ ಸಾಗರ, ಹೊಸನಗರ ಸೀಮೆಯ ಅದೆಷ್ಟೋ ಕುಟುಂಬಗಳು ಗದ್ದೆ, ತೋಟ, ದೇವರ ಬನ ಬಿಟ್ಟು ಹೊರಟಿದ್ದವು. ಸಾಗರದ ನಾ. ಡಿಸೋಜ ಆ ಯೋಜನೆಯ ಕಚೇರಿಗಳಲ್ಲೇ ನೌಕರರಾಗಿದ್ದು, ಎದುರು ಕಂಡದ್ದನ್ನು ‘ದ್ವೀಪ’ದಂಥ ಕಾದಂಬರಿಗಳಲ್ಲಿ ಬರೆದರು. ‘ಮುಳುಗಡೆಯ ಊರಿಗೆ ಬಂದವರು’ ಎಂಬ ಮಕ್ಕಳ ಕಾದಂಬರಿಗೆ ಅವರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಮುಳುಗಡೆಯನ್ನು ಎಳೆಯ ಓದುಗರ ಕೈಗೂ ಕೊಡಬಹುದು ಎಂದು ತೋರಿಸಿಕೊಟ್ಟ ಈ ಹೆಜ್ಜೆಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಅದೇ 2011ರಲ್ಲಿ ಆರಂಭವಾದ ಅಕಾಡೆಮಿಯ ಯುವ ಪುರಸ್ಕಾರ ನೋಡುವುದು ಬರೆದವರ ವಯಸ್ಸನ್ನು, ಓದುವವರ ವಯಸ್ಸನ್ನಲ್ಲ. ಹೀಗಾಗಿ ಹದಿಹರೆಯದ ಓದುಗರಿಗೆಂದೇ ಬರೆದ ಪುಸ್ತಕಕ್ಕೆ ಕನ್ನಡದಲ್ಲಿ ಪ್ರತ್ಯೇಕವಾದ ಜಾಗವೊಂದು ಗಟ್ಟಿಯಾಗಲೇ ಇಲ್ಲ. ಈಗ ಅರಿವು ಕೇಂದ್ರವೆಂದು ಹೆಸರು ಪಡೆದಿರುವ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಒಂಬತ್ತನೇ ತರಗತಿಯ ಹುಡುಗಿ ಬಂದರೆ, ಒಂದು ಬೀರುವಿನಲ್ಲಿ ಪಂಚತಂತ್ರ, ತೆನಾಲಿ ರಾಮ. ಇನ್ನೊಂದರಲ್ಲಿ ದೊಡ್ಡವರ ಕಾದಂಬರಿ. ಅವಳು ಸ್ವಲ್ಪ ಹೊತ್ತು ಎರಡರ ನಡುವೆ ನಿಂತು, ಕೊನೆಗೆ ಸ್ಪರ್ಧಾತ್ಮಕ ಪರೀಕ್ಷೆಯ ಮಾಸಪತ್ರಿಕೆ ಹಿಡಿದು ಕೂರುತ್ತಾಳೆ. ತೇಜಸ್ವಿ ಅವರನ್ನು ಕಂಡುಕೊಂಡ ಮಕ್ಕಳು ಅದೃಷ್ಟವಂತರೇ ಸರಿ, ಆದರೆ ಕಾಡಿನ ಬೆರಗಿನ ಜೊತೆಗೆ ಮನೆಯೊಳಗಿನ ಕತ್ತಲೆಯ ಮಾತೂ ಅವರಿಗೆ ಬೇಕು.

2012ರ ಪೋಕ್ಸೊ ಕಾಯ್ದೆ ಈ ಚರ್ಚೆಗೆ ಬೇರೊಂದು ದಾರಿ ತೆರೆಯಿತು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ಪಡೆಯಬೇಕು, ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿರಬಾರದು, ತಂದೆತಾಯಿ ಇಲ್ಲವೇ ಮಗು ನಂಬುವ ಯಾರಾದರೂ ಜೊತೆಗಿರಬೇಕು, ನ್ಯಾಯಾಲಯಕ್ಕೆ ಪದೇ ಪದೇ ಕರೆಸಬಾರದು ಎನ್ನುತ್ತದೆ ಅದು. ಮಾತು ಹೊರಬರಬೇಕಾದರೆ ಕೇಳುವವರು ಹೇಗಿರಬೇಕು ಎಂಬುದನ್ನು ಕಾನೂನು ಇಷ್ಟು ವಿವರವಾಗಿ ಯೋಚಿಸಿರುವಾಗ, ಕಥೆಗಳು ಹಿಂದೆ ಉಳಿಯಬೇಕಾಗಿಲ್ಲ. ಆದರೂ ನೊಂದ ಹುಡುಗಿ ಕೊನೆಯ ಅಧ್ಯಾಯದಲ್ಲಿ ವೇದಿಕೆಯೇರಿ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸುವಂಥ ಮುಕ್ತಾಯದತ್ತ ಬರೆಯುವವರ ಕೈ ಸುಲಭವಾಗಿ ಜಾರುತ್ತದೆ. ನಿಜದಲ್ಲಿ ಮಾತು ತುಂಡುತುಂಡಾಗಿ ಬರುತ್ತದೆ, ಮಧ್ಯೆ ನಿಲ್ಲುತ್ತದೆ, ಮೊದಲು ಬೇರೇನನ್ನೋ ಹೇಳುತ್ತದೆ.

ಅದು ಬರುವುದೂ ಮನೆಯ ನುಡಿಯಲ್ಲಿ. ಶಿವಮೊಗ್ಗ ಜಿಲ್ಲೆಯ ಮಕ್ಕಳು ಹವ್ಯಕ ಕನ್ನಡ, ದೀವರ ಕನ್ನಡ, ಕೊಂಕಣಿ, ಲಂಬಾಣಿ, ಉರ್ದು ಆಡುತ್ತಾ ಬೆಳೆದು ಶಾಲೆಯಲ್ಲಿ ಪಠ್ಯದ ಕನ್ನಡ ಕಲಿಯುತ್ತಾರೆ. ಅವರಿಗಾಗಿ ಬರೆಯುವ ಪುಸ್ತಕಗಳು ಬಹುಪಾಲು ಈ ಎರಡನೆಯ ಭಾಷೆಯಲ್ಲೇ ಇವೆ. ಅಮ್ಮನ ಹತ್ತಿರ ಆಡುವ ಮಾತಿನಲ್ಲೇ ತನ್ನ ಕಥೆ ಹೇಳಿಕೊಳ್ಳುವ ಹದಿನೈದರ ಹುಡುಗಿಯೊಬ್ಬಳಿಗೆ ನಮ್ಮ ಪ್ರಕಾಶಕರೂ ಶಿಕ್ಷಕರೂ ಮೊದಲು ಜಾಗ ಮಾಡಿಕೊಡಬೇಕಿದೆ.