ಸೂಪಿನ ಸಾಲು, ಒಂದು ಸೆಂಟಿನ ಪತ್ರಿಕೆ: ಕ್ಯಾಥೊಲಿಕ್ ವರ್ಕರ್ ಚಳವಳಿಯ ಟಿಪ್ಪಣಿ

ಪರೀಕ್ಷೆಯಲ್ಲಿ ಕ್ಯಾಥೊಲಿಕ್ ವರ್ಕರ್ ಚಳವಳಿ ಮತ್ತು ‘ಆಹಾರ ನ್ಯಾಯ’ದ ಬಗ್ಗೆ ಪ್ರಶ್ನೆ ಬಂದ ಕೂಡಲೇ ‘ನ್ಯೂಯಾರ್ಕಿನಲ್ಲಿ ಬಡವರಿಗೆ ಪುಕ್ಕಟೆ ಊಟ ಹಾಕುವ ಕ್ರೈಸ್ತ ಸಂಸ್ಥೆ’ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತೇವೆ. ಅದು ಅರ್ಧ ಉತ್ತರ. ಈ ಚಳವಳಿ ಶುರುವಾದದ್ದು ಊಟದಿಂದಲ್ಲ, ಪತ್ರಿಕೆಯಿಂದ. 1933ರ ಮೇ 1ರಂದು ನ್ಯೂಯಾರ್ಕಿನ ಯೂನಿಯನ್ ಸ್ಕ್ವೇರ್‌ನಲ್ಲಿ ಕಾರ್ಮಿಕರ ದಿನಕ್ಕೆ ನೆರೆದಿದ್ದ ಜನರ ನಡುವೆ ‘ಕ್ಯಾಥೊಲಿಕ್ ವರ್ಕರ್’ ಹೆಸರಿನ ಹೊಸ ಪತ್ರಿಕೆ ಮಾರಾಟಕ್ಕೆ ಬಂತು. ಅಚ್ಚಾದದ್ದು 2,500 ಪ್ರತಿ, ಬೆಲೆ ಒಂದು ಸೆಂಟ್. (ಬೆಲೆ ಇವತ್ತಿಗೂ ಅಷ್ಟೇ.) ಮಹಾ ಆರ್ಥಿಕ ಕುಸಿತದ ಕಾಲ ಅದು, ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಕೂಲಿ, ಬಾಡಿಗೆ, ಮುಷ್ಕರದ ಬಗ್ಗೆ ಚರ್ಚಿನ ಬೋಧನೆ ಏನು ಹೇಳುತ್ತದೆ ಎಂದು ಬೀದಿಯ ಜನರಿಗೆ ತಿಳಿಸುವುದು ಪತ್ರಿಕೆಯ ಉದ್ದೇಶವಾಗಿತ್ತು.

ಹಿಂದಿದ್ದವರು ಇಬ್ಬರು. ಡಾರತಿ ಡೇ (1897–1980) ಎಡಪಂಥೀಯ ಪತ್ರಿಕೆಗಳಲ್ಲಿ ವರದಿಗಾರ್ತಿಯಾಗಿದ್ದವರು, ಮಗಳು ಹುಟ್ಟಿದ ಮೇಲೆ, 1927ರಲ್ಲಿ, ಕ್ಯಾಥೊಲಿಕ್ ಆದರು. ಪೀಟರ್ ಮೌರಿನ್ (1877–1949) ಫ್ರಾನ್ಸಿನ ರೈತ ಮನೆತನದವರು, ಊರೂರು ಅಲೆದು ಕೂಲಿ ಮಾಡಿದವರು, ಮಾತು ಶುರು ಮಾಡಿದರೆ ನಿಲ್ಲಿಸದವರು. ಪ್ರತಿಯೊಬ್ಬ ಕ್ರೈಸ್ತನ ಮನೆಯಲ್ಲೂ ನಿರ್ಗತಿಕರಿಗೆಂದು ಒಂದು ಕೋಣೆ ಇರಬೇಕು ಎನ್ನುವುದು ಮೌರಿನ್ ಅವರ ಹಟ. ಅದನ್ನು ಪತ್ರಿಕೆಯಲ್ಲಿ ಓದಿದವರು ನೇರ ಬಾಗಿಲಿಗೇ ಬಂದರು. ಬರೆದದ್ದನ್ನು ಮಾಡಿ ತೋರಿಸದೆ ಬೇರೆ ದಾರಿ ಇರಲಿಲ್ಲ. ಹಾಗೆ ಹುಟ್ಟಿಕೊಂಡದ್ದು ‘ಆತಿಥ್ಯದ ಮನೆ’ಗಳು.

ಈ ಮನೆ ನಡೆಯುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ವಿಷಯದ ಜೀವ ಇರುವುದು ಅಲ್ಲೇ. ಇಲ್ಲಿ ಕೆಲಸ ಮಾಡುವವರಿಗೆ ಸಂಬಳವಿಲ್ಲ. ಅವರೂ ಅದೇ ಮನೆಯಲ್ಲಿ ಇರುತ್ತಾರೆ, ದಾನವಾಗಿ ಬಂದ ಬಟ್ಟೆ ಉಡುತ್ತಾರೆ, ಪಾತ್ರೆಯಲ್ಲಿ ಬೆಂದದ್ದನ್ನೇ ತಿನ್ನುತ್ತಾರೆ. ಬೆಳಗ್ಗೆ ಬಾಗಿಲ ಹೊರಗೆ ಸಾಲು ನಿಲ್ಲುತ್ತದೆ. ದೊಡ್ಡ ಪಾತ್ರೆಯ ಸೂಪು, ಬ್ರೆಡ್ಡು, ಕಾಫಿ. ಗುರುತಿನ ಚೀಟಿ ತೋರಿಸಬೇಕಿಲ್ಲ, ಕುಡಿದಿದ್ದೀಯಾ ಎಂದು ವಿಚಾರಣೆ ಇಲ್ಲ, ಊಟಕ್ಕೆ ಮೊದಲು ಪ್ರವಚನ ಕೇಳಲೇಬೇಕೆಂಬ ಷರತ್ತೂ ಇಲ್ಲ. ಸೂಪು ಕುಡಿಯಲು ಬಂದವನು ಆಮೇಲೆ ಮೇಜಿನ ಮುಂದೆ ಕೂತು ಪತ್ರಿಕೆಗೆ ವಿಳಾಸದ ಚೀಟಿ ಅಂಟಿಸುತ್ತಾನೆ, ಇನ್ನೊಬ್ಬ ಈರುಳ್ಳಿ ಹೆಚ್ಚುತ್ತಾನೆ. ಕೆಲವು ತಿಂಗಳು ಕಳೆದ ಮೇಲೆ ಯಾರು ಅತಿಥಿ, ಯಾರು ಸೇವಕ ಎಂದು ಹೊರಗಿನವರಿಗೆ ಗೊತ್ತಾಗದಂತಾಗುತ್ತದೆ. ಹಸಿದವನಿಗೆ ಕೊಟ್ಟದ್ದು ನನಗೇ ಕೊಟ್ಟ ಹಾಗೆ ಎಂದು ಯೇಸು ಹೇಳುವ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ ಇವರಿಗೆ ಬುನಾದಿ. ಬಂದವನೇ ಕ್ರಿಸ್ತ ಎಂದು ನಂಬಿದ ಮೇಲೆ ಅವನ ಅರ್ಹತೆ ಪರೀಕ್ಷಿಸುವುದು ಹೇಗೆ?

ಇಷ್ಟು ಸುಂದರವಾಗಿಯೇನೂ ಅದು ನಡೆಯಲಿಲ್ಲ ಎಂಬುದೂ ನೆನಪಿರಲಿ. ಹೇನು, ಜಗಳ, ಕಳ್ಳತನ, ನಡುರಾತ್ರಿಯ ಕೂಗಾಟ ಎಲ್ಲದರ ಬಗ್ಗೆ ಡೇ ತಾವೇ ಬರೆದುಕೊಂಡಿದ್ದಾರೆ. ಮೌರಿನ್ ಕನಸಿನ ಕೃಷಿ ಸಮುದಾಯಗಳದ್ದಂತೂ ಇನ್ನೂ ಫಜೀತಿ. ಪೆನ್ಸಿಲ್ವೇನಿಯಾದ ಈಸ್ಟನ್ ಬಳಿ 1936ರಲ್ಲಿ ಶುರುವಾದ ತೋಟದಲ್ಲಿ ಬೆಳೆಗಿಂತ ವಾದ ಹೆಚ್ಚು ಬೆಳೆಯಿತು.

ಈಗ ‘ಆಹಾರ ನ್ಯಾಯ’ದ ವಿಷಯ. ಸೂಪು ಕೊಡುವುದು ದಯೆ. ಸಾಲು ಇಷ್ಟು ಉದ್ದ ಯಾಕಾಯಿತು ಎಂದು ಕೇಳುವುದು ನ್ಯಾಯ. ಇವರು ಎರಡನ್ನೂ ಒಂದೇ ಮನೆಯಲ್ಲಿ ಇಟ್ಟುಕೊಂಡರು: ಕೆಳಗೆ ಅಡುಗೆ ಮನೆ, ಮೇಲೆ ಪತ್ರಿಕೆಯ ಕಚೇರಿ ಎನ್ನುವ ಹಾಗೆ. ಇದಕ್ಕೆ ಕೊಡಬಹುದಾದ ಒಳ್ಳೆಯ ಉದಾಹರಣೆ 1973ರದ್ದು. ಕ್ಯಾಲಿಫೋರ್ನಿಯಾದಲ್ಲಿ ಸೀಸರ್ ಚಾವೆಜ್ ನೇತೃತ್ವದ ಕೃಷಿ ಕೂಲಿಕಾರರು ಮುಷ್ಕರ ಹೂಡಿದ್ದರು. ದ್ರಾಕ್ಷಿ ಕೀಳುವವರ ಸಂಘಟನೆಯ ಹಕ್ಕಿನ ಪ್ರಶ್ನೆ ಅದು. ಎಪ್ಪತ್ತೈದರ ಡೇ ಅಲ್ಲಿಗೆ ಹೋಗಿ ನ್ಯಾಯಾಲಯದ ನಿರ್ಬಂಧ ಮುರಿದು ಜೈಲು ಸೇರಿದರು. ಆಗಿನ ಒಂದು ಫೋಟೊ ಸಿಕ್ಕರೆ ನೋಡಿ: ತಲೆಗೊಂದು ಹ್ಯಾಟು, ಮಡಚುವ ಪುಟ್ಟ ಆಸನದ ಮೇಲೆ ಕೂತ ಮುದುಕಿ, ಎದುರಿಗೆ ಸೊಂಟಕ್ಕೆ ಪಿಸ್ತೂಲು ಕಟ್ಟಿದ ಇಬ್ಬರು ಪೊಲೀಸರು. ಹಸಿದವರಿಗೆ ಬಡಿಸಿದ ಕೈ, ಬೆಳೆದವರ ಪರವಾಗಿಯೂ ಎದ್ದಿತು. ಉತ್ತರದಲ್ಲಿ ಈ ಘಟನೆ ಬಿಟ್ಟರೆ ‘ನ್ಯಾಯ’ ಎಂಬ ಮಾತಿಗೆ ಆಧಾರವೇ ಇಲ್ಲ.

ನಮ್ಮವರು ಇದನ್ನು ಶರಣರ ದಾಸೋಹಕ್ಕೆ ಹೋಲಿಸಿಯೇ ಹೋಲಿಸುತ್ತಾರೆ. ಹೋಲಿಸಿ, ಆದರೆ ಅನ್ನ ಇಕ್ಕುವುದನ್ನಷ್ಟೇ ಹಿಡಿದುಕೊಳ್ಳಬೇಡಿ. ದಾಸೋಹದ ಹಿಂದೆ ಕಾಯಕ ಇದ್ದ ಹಾಗೆ, ಕಲಿತವರು ಮೈಮುರಿದು ದುಡಿಯಬೇಕು, ದುಡಿಯುವವರು ಓದಬೇಕು ಎಂಬ ಮೌರಿನ್ ಮಾತು ಸೂಪಿನ ಹಿಂದೆ ಇದೆ. ಸಾಮ್ಯ ನಿಜವಾಗಿ ಗಟ್ಟಿಯಾಗುವುದು ಅಲ್ಲಿ. ಇದು ಚಾರಿತ್ರಿಕ ಸಂಬಂಧವಲ್ಲ, ನಾವು ಮಾಡುವ ಹೋಲಿಕೆ ಎಂದು ಸ್ಪಷ್ಟವಾಗಿ ಬರೆಯಿರಿ. ಭಾರತದ ಕಡೆಯ ನೇರ ಕೊಂಡಿ ಬೇಕಿದ್ದರೆ ಗಾಂಧಿ ಸಿಗುತ್ತಾರೆ: 1948ರಲ್ಲಿ ಅವರ ಹತ್ಯೆಯಾದಾಗ ಡೇ ಪತ್ರಿಕೆಯಲ್ಲಿ ಶೋಕಲೇಖನ ಬರೆದರು. 1970ರಲ್ಲಿ ಕಲ್ಕತ್ತೆಗೆ ಬಂದು ಮದರ್ ತೆರೇಸಾ ಅವರನ್ನೂ ಕಂಡರು.

ಹಣದ ವಿಷಯ ಪರೀಕ್ಷೆಗೆ ಬರಲಿ ಬಿಡಲಿ, ಓದಲು ಬಲು ಸೊಗಸು. 1956ರಲ್ಲಿ ಕಟ್ಟಡ ಬೆಂಕಿಗೆ ಸುರಕ್ಷಿತವಲ್ಲವೆಂದು ನ್ಯಾಯಾಲಯ 250 ಡಾಲರ್ ದಂಡ ಹಾಕಿತು. ಬಾಗಿಲಲ್ಲಿ ಮಾಸಲು ಬಟ್ಟೆಯ ಒಬ್ಬಾತ ಡೇ ಕೈಗೆ ಚೆಕ್ ತುರುಕಿದ. ಎರಡೂವರೆ ಡಾಲರ್ ಇರಬೇಕೆಂದುಕೊಂಡ ಅವರು ಆಮೇಲೆ ಬಿಡಿಸಿ ನೋಡಿದರೆ ಪೂರಾ 250; ಕೊಟ್ಟವರು ಕವಿ ಡಬ್ಲ್ಯೂ. ಎಚ್. ಆಡೆನ್. 1960ರಲ್ಲಿ ನಗರಾಡಳಿತ ಇವರ ಮನೆಯನ್ನು ವಶಪಡಿಸಿಕೊಂಡು ಪರಿಹಾರವನ್ನು ಬಡ್ಡಿ ಸಮೇತ ಕೊಟ್ಟಾಗ, ಬಡ್ಡಿ ನಮಗೆ ಸಲ್ಲದು ಎಂದು ಮೂರೂವರೆ ಸಾವಿರ ಡಾಲರಿಗೂ ಮೇಲ್ಪಟ್ಟ ಮೊತ್ತವನ್ನು ಡೇ ವಾಪಸು ಕಳಿಸಿದರು. ತೆರಿಗೆ ವಿನಾಯಿತಿಗೆಂದು ದತ್ತಿ ಸಂಸ್ಥೆಯಾಗಿ ನೋಂದಾಯಿಸಿಕೊಳ್ಳಲೂ ಒಪ್ಪಲಿಲ್ಲ: ನೆರೆಯವನಿಗೆ ಊಟ ಹಾಕಲು ಸರ್ಕಾರದ ಅನುಮತಿ ಯಾಕೆ ಬೇಕು ಎಂಬ ನಿಲುವು. 1972ರಲ್ಲಿ ತೆರಿಗೆ ಇಲಾಖೆ ಸುಮಾರು ಮೂರು ಲಕ್ಷ ಡಾಲರ್ ಬಾಕಿ ಕೇಳಿ ನೋಟಿಸ್ ಕೊಟ್ಟಿತು. ಡೇ ಕಟ್ಟಲಿಲ್ಲ. ಪತ್ರಿಕೆಗಳಲ್ಲಿ ಗದ್ದಲವಾದ ಮೇಲೆ ಇಲಾಖೆಯೇ ಕೈಬಿಟ್ಟಿತು.