ಪೈಪ್‌ಲೈನಿನಲ್ಲಿ ವೆಲ್ಡಿಂಗ್ ಜಾಗವೇ ಮೊದಲು ಸವೆಯುವುದು ಯಾಕೆ?

ಓದುಗರ ಪ್ರಶ್ನೆ: ಎಣ್ಣೆ ಬಾವಿಯ ಪೈಪುಗಳಲ್ಲಿ ಉಳಿದ ಭಾಗ ಗಟ್ಟಿಯಾಗಿದ್ದರೂ ವೆಲ್ಡಿಂಗ್ ಹತ್ತಿರವೇ ಗುಂಡಿ ಬಿದ್ದು ಸೋರುತ್ತದಂತೆ. ಇದು ವೆಲ್ಡರ್ ತಪ್ಪೇ? ಬೆಂಗಳೂರಿಗೆ ಬರುವ ಗ್ಯಾಸ್ ಪೈಪಿಗೂ ಈ ಭಯ ಇದೆಯೇ?

ಎಷ್ಟೋ ಸಲ ವೆಲ್ಡರ್ ತಪ್ಪು ಏನೂ ಇರುವುದಿಲ್ಲ. ಎಕ್ಸ್‌ರೇಯಲ್ಲಿ ಒಂದು ಬಿರುಕೂ ಕಾಣದ ಬೆಸುಗೆ ಕೂಡ ಹೀಗೆ ಸವೆಯಬಹುದು.

ಬಾವಿಯಿಂದ ಎಣ್ಣೆ, ಗ್ಯಾಸ್ ಜೊತೆಗೆ ಉಪ್ಪುನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಕೂಡ ಮೇಲೆ ಬರುತ್ತವೆ. ಒಣಗಿದ ಕಾರ್ಬನ್ ಡೈಆಕ್ಸೈಡ್‌ನಿಂದ ಉಕ್ಕಿಗೆ ತೊಂದರೆಯಿಲ್ಲ. ನೀರಿನಲ್ಲಿ ಕರಗಿದರೆ ಕಾರ್ಬಾನಿಕ್ ಆಮ್ಲ ಆಗುತ್ತದೆ. ಸೋಡಾ ಬಾಟಲಿಯಲ್ಲಿ ಇರುವುದೂ ಅದೇ. ಸೌಮ್ಯ ಆಮ್ಲ ಅಂತ ಸುಮ್ನೆ ಬಿಡುವ ಹಾಗಿಲ್ಲ. ಅಷ್ಟೇ ಪಿಎಚ್ (ಆಮ್ಲೀಯತೆಯ ಅಳತೆ) ಇರುವ ಹೈಡ್ರೋಕ್ಲೋರಿಕ್ ಆಮ್ಲಕ್ಕಿಂತ ಇದು ಉಕ್ಕನ್ನು ಜಾಸ್ತಿ ತಿನ್ನುತ್ತದೆ.

ಈಗ ಬೆಸುಗೆಗೆ ಬರೋಣ. ಅಲ್ಲಿ ಪಕ್ಕಪಕ್ಕದಲ್ಲೇ ಮೂರು ಬಗೆಯ ಉಕ್ಕು ಇರುತ್ತದೆ: ಮೂಲ ಪೈಪು, ರಾಡ್‌ನಿಂದ ಕರಗಿ ತುಂಬಿದ ಲೋಹ, ಮತ್ತು ಇವೆರಡರ ನಡುವೆ ಕರಗದೆ ಬರೀ ಕಾದು ಗುಣ ಬದಲಾದ ಪಟ್ಟಿ. ಉಪ್ಪುನೀರಿನಲ್ಲಿ ವಿದ್ಯುತ್ ಸರಾಗವಾಗಿ ಹರಿಯುವುದರಿಂದ ಈ ಮೂರೂ ಸೇರಿ ಒಂದು ಬ್ಯಾಟರಿಯೇ ಆಗಿಬಿಡುತ್ತದೆ. ಇದರಲ್ಲಿ ಆನೋಡ್ ಆದ ಭಾಗ ಕರಗುತ್ತದೆ. ಕಿರಿದಾದ ಬೆಸುಗೆ ಆನೋಡ್ ಆಗಿ, ಅಷ್ಟು ದೊಡ್ಡ ಪೈಪು ಕರಗದೆ ಉಳಿಯುವ ಕ್ಯಾಥೋಡ್ ಆದರೆ, ಸವೆತವೆಲ್ಲ ಆ ಒಂದು ಗೆರೆಯ ಮೇಲೇ ಬೀಳುತ್ತದೆ.

ಇದನ್ನು ತಪ್ಪಿಸಲು ರಾಡ್‌ಗೆ ಶೇ. 1ರಷ್ಟು ನಿಕಲ್ ಸೇರಿಸುವ ರೂಢಿ ಬಂತು. ಸಮುದ್ರದ ನೀರು ಹರಿಸುವ ಪೈಪುಗಳಲ್ಲಿ ಅದು ಒಳ್ಳೆಯ ಉಪಾಯವೇ. ಆದರೆ ಕಾರ್ಬನ್ ಡೈಆಕ್ಸೈಡ್ ಇರುವ ಲೈನುಗಳಲ್ಲಿ ಕೆಲವೆಡೆ ಅದೇ ನಿಕಲ್ ಬೆಸುಗೆ ಮೊದಲು ಕರಗಿತು! ಒಂದು ಕಡೆ ನಡೆದ ಮದ್ದು ಇನ್ನೊಂದು ಕಡೆ ನಡೆಯಲಿಲ್ಲ.

ನನಗೆ ಇನ್ನೂ ಜಾಸ್ತಿ ಚಿಂತೆ ಹುಟ್ಟಿಸುವುದು ಇನ್ಹಿಬಿಟರ್ ವಿಷಯ. ಸವೆತ ತಡೆಯುವ ಈ ರಾಸಾಯನಿಕದ ಪ್ರಮಾಣ ಕಡಿಮೆಯಾದರೆ ಪೈಪಿಗೆ ರಕ್ಷಣೆ ಸಿಕ್ಕಿ ಬೆಸುಗೆಗೆ ಸಿಗದೇ ಹೋಗಬಹುದು. ಪರೀಕ್ಷೆಗೆ ಇಟ್ಟಿದ್ದು ಬರೀ ಪೈಪಿನ ಉಕ್ಕಿನ ತುಂಡಾದರೆ, ವರದಿಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ? ಹಾಗಾಗಿ ನಿಜವಾದ ಬೆಸುಗೆಯನ್ನೇ ಕತ್ತರಿಸಿ, ಆ ಬಾವಿಯದೇ ಉಪ್ಪುನೀರು, ಬಳಸಲಿರುವ ಇನ್ಹಿಬಿಟರ್ ಹಾಕಿ, ಮೂರೂ ಭಾಗಗಳನ್ನು ಬೇರೆಬೇರೆಯಾಗಿ ಅಳೆಯಬೇಕು.

ಮಹಾರಾಷ್ಟ್ರದ ಕರಾವಳಿಯ ದಾಭೋಲ್‌ನಿಂದ ಬೆಂಗಳೂರಿಗೆ ಬರುವ ಲೈನಿನ ಒಳಗೆ ಈ ಭಯ ತೀರಾ ಕಡಿಮೆ. ಅದರಲ್ಲಿ ಹರಿಯುವುದು ಒಣ ಗ್ಯಾಸ್. ದ್ರವ ಮಾಡಿ ಹಡಗಿನಲ್ಲಿ ತರುವ ಗ್ಯಾಸ್‌ನಿಂದ ನೀರನ್ನೂ ಕಾರ್ಬನ್ ಡೈಆಕ್ಸೈಡನ್ನೂ ಮೊದಲೇ ತೆಗೆದಿರುತ್ತಾರೆ. ಇಲ್ಲದಿದ್ದರೆ ದ್ರವ ಮಾಡುವಾಗಿನ ಚಳಿಗೆ ಅವು ಹೆಪ್ಪುಗಟ್ಟಿ ಯಂತ್ರವೇ ಕಟ್ಟಿಕೊಳ್ಳುತ್ತದೆ. ಅಲ್ಲಿ ಗಮನ ಬೇಕಾಗಿರುವುದು ಹೊರಮೈಗೆ. ಮಣ್ಣಿನ ತೇವ ತಾಗದಂತೆ ಲೇಪನ, ಅದರ ಜೊತೆಗೆ ಕ್ಯಾಥೋಡಿಕ್ ರಕ್ಷಣೆ (ಪೈಪನ್ನೇ ಕ್ಯಾಥೋಡ್ ಮಾಡಿ ಸವೆತ ತಡೆಯುವುದು), ಎರಡೂ ಸರಿಯಾಗಿರಬೇಕು.