ಗೊಂಬೆ ಸ್ಪಷ್ಟ, ಗೋಡೆ ಮಸುಕು: ಯಾವ ಕ್ಯಾಮೆರಾದಲ್ಲಿ ಹೇಗೆ?

ಪ್ರಶ್ನೆ: ನಮ್ಮದು ಕೊಪ್ಪಳ ಕಡೆ ರೀ. ಮನಿಯಾಗ ಕಿನ್ನಾಳ ಗೊಂಬಿ ಮಾರಾಟಕ್ಕ ಇಟ್ಟೀವಿ. ಫೋಟೋ ತಗದು ವಾಟ್ಸ್‌ಆ್ಯಪ್‌ನಾಗ ಕಳಸ್ತೀವಿ. ಆದ್ರ ಗೊಂಬಿ ಹಿಂದಿನ ಗ್ವಾಡಿ, ಕ್ಯಾಲೆಂಡರು, ವೈರು ಎಲ್ಲಾ ಎದ್ದು ಕಾಣತಾವ. ಸ್ಟುಡಿಯೋದವರ ಫೋಟೋದಾಗ ಹಿಂದಿಂದು ಮಸುಕಾಗಿ ಗೊಂಬಿ ಒಂದ ಕಾಣತೈತಿ. ನಮ್ಮ ಹತ್ರ ಒಂದು ಮೊಬೈಲು, ತಮ್ಮನ ಹಳೇ ಡಿಎಸ್‌ಎಲ್‌ಆರ್, ಅದರ ಜೋಡಿ ಬಂದ 18-55 ಲೆನ್ಸ್ ಅದಾವ. ಇಷ್ಟರಾಗ ಆಗತೈತೇನ್ರಿ, ಇಲ್ಲಾ ದೊಡ್ಡ ಕ್ಯಾಮೆರಾನ ತಗೋಬೇಕಾ?

ಉತ್ತರ: ಇಷ್ಟರಲ್ಲೇ ಆಗುತ್ತದೆ. ಕ್ಯಾಮೆರಾ ಬದಲಿಸುವ ಮೊದಲು ಗೊಂಬೆ ಇಡುವ ಜಾಗ ಬದಲಿಸಿ.

ಮನೆಯಲ್ಲಿ ಗೊಂಬೆಯ ಫೋಟೋ ತೆಗೆಯುವವರು ಹೆಚ್ಚಾಗಿ ಅದನ್ನು ನೆಲದ ಮೇಲೋ ಗೋಡೆಗೆ ಹತ್ತಿದ ಮೇಜಿನ ಮೇಲೋ ಇಟ್ಟು, ನಿಂತಲ್ಲಿಂದಲೇ ಕೆಳಗೆ ನೋಡುತ್ತ ತೆಗೆಯುತ್ತಾರೆ. ಆಗ ಹಿನ್ನೆಲೆಯಾಗುವುದು ನೆಲವೇ. ಅದು ಗೊಂಬೆಯ ಹಿಂದೆ ಬರೀ ಹತ್ತು ಸೆಂಟಿಮೀಟರ್ ದೂರದಲ್ಲಿರುತ್ತದೆ. ಅಷ್ಟು ಹತ್ತಿರದ್ದನ್ನು ಎಂಥ ದುಬಾರಿ ಲೆನ್ಸೂ ಚೆನ್ನಾಗಿ ಮಸುಕು ಮಾಡಲಾರದು. ಗೊಂಬೆಯನ್ನು ಸ್ಟೂಲಿನ ಮುಂದಿನ ಅಂಚಿಗೆ ತನ್ನಿ, ಕ್ಯಾಮೆರಾವನ್ನು ಗೊಂಬೆಯ ಎದೆಯ ಮಟ್ಟಕ್ಕೆ ಇಳಿಸಿ. ಸ್ಟೂಲಿನ ಹಲಗೆ ಒಂದು ಸಣ್ಣ ಪಟ್ಟಿಯಷ್ಟೇ ಕಾಣುತ್ತದೆ, ಅದರಾಚೆ ಇರುವುದೆಲ್ಲ ದೂರದ್ದಾಗುತ್ತದೆ. ಅರ್ಧ ಕೆಲಸ ಇಲ್ಲಿಗೇ ಮುಗಿಯಿತು.

ಉಳಿದರ್ಧಕ್ಕೆ ಒಂದು ಲೆಕ್ಕ ತಿಳಿದಿರಬೇಕು. ಹಿನ್ನೆಲೆಯನ್ನು ಮಸುಕು ಮಾಡುವುದು ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಹೋಗುವ ಕಂಡಿ. ಆ ಕಂಡಿಯ ಅಗಲ ಎಷ್ಟು ಮಿಲಿಮೀಟರ್ ಎಂಬುದೇ ಮುಖ್ಯ. ಲೆನ್ಸಿನ ಫೋಕಲ್ ಲೆಂತನ್ನು (ಲೆನ್ಸಿನ ಮೇಲೆ 18, 55 ಎಂದು ಮಿ.ಮೀ.ನಲ್ಲಿ ಬರೆದಿರುವ ಸಂಖ್ಯೆ) ಎಫ್ ಸಂಖ್ಯೆಯಿಂದ (ಕಂಡಿ ಎಷ್ಟು ತೆರೆದಿದೆ ಎಂದು ಹೇಳುವ ಸಂಖ್ಯೆ) ಭಾಗಿಸಿದರೆ ಅದು ಸಿಗುತ್ತದೆ. ನಿಮ್ಮ 18-55 ಲೆನ್ಸನ್ನೇ ನೋಡಿ. 18ರಲ್ಲಿಟ್ಟರೆ ಎಫ್ 3.5 ಸಿಗುತ್ತದೆ, 55ಕ್ಕೆ ತಿರುಗಿಸಿದರೆ ಎಫ್ 5.6 ಆಗುತ್ತದೆ. ಸಂಖ್ಯೆ ಸಣ್ಣದಿದ್ದಷ್ಟೂ ಮಸುಕು ಜಾಸ್ತಿ ಎಂದು ಕೇಳಿದವರು 18ರಲ್ಲೇ ತೆಗೆಯುತ್ತಾರೆ. ಆದರೆ 18 ಭಾಗಿಸು 3.5 ಅಂದರೆ 5 ಮಿ.ಮೀ., 55 ಭಾಗಿಸು 5.6 ಅಂದರೆ ಸುಮಾರು 10 ಮಿ.ಮೀ. ಎಫ್ ಸಂಖ್ಯೆ ದೊಡ್ಡದಾದರೂ ಕಂಡಿ ಎರಡು ಪಟ್ಟು ಅಗಲವಾಯಿತು. ಹಾಗಾಗಿ ಕಿಟ್ ಲೆನ್ಸಿನಲ್ಲಿ, ಅಂದರೆ ಕ್ಯಾಮೆರಾ ಜೊತೆ ಬಂದ ಈ ಲೆನ್ಸಿನಲ್ಲಿ, ಗೊಂಬೆ ತೆಗೆಯುವಾಗ ಯಾವಾಗಲೂ 55ಕ್ಕೆ ತಿರುಗಿಸಿ.

ಈ ಅಗಲ ಫೋಟೋದಲ್ಲಿ ನೇರವಾಗಿ ಕಾಣಿಸುತ್ತದೆ. ಬಹಳ ದೂರದಲ್ಲಿರುವ ಒಂದು ಬೆಳಕಿನ ಚುಕ್ಕೆ, ಗೊಂಬೆಯ ಪಕ್ಕದಲ್ಲಿ ಅಷ್ಟೇ ಅಗಲದ ವೃತ್ತವನ್ನು ಇಟ್ಟಂತೆ ಹರಡಿ ಮೂಡುತ್ತದೆ. ಕಂಡಿ 10 ಮಿ.ಮೀ. ಇದ್ದರೆ ಗೊಂಬೆಯ ಅಳತೆಯಲ್ಲಿ 10 ಮಿ.ಮೀ. ವೃತ್ತ. 28 ಮಿ.ಮೀ. ಇದ್ದರೆ 28ರದ್ದು. ಹಿನ್ನೆಲೆ ಹತ್ತಿರ ಬಂದಷ್ಟೂ ಈ ವೃತ್ತ ಕುಗ್ಗುತ್ತದೆ. ಕ್ಯಾಮೆರಾದಿಂದ ಗೊಂಬೆಗಿರುವ ದೂರದ ಎರಡು ಪಟ್ಟು ದೂರದಲ್ಲಿ ಹಿನ್ನೆಲೆ ಇದ್ದರೆ ಪೂರ್ಣ ಮಸುಕಿನ ಅರ್ಧ ಸಿಗುತ್ತದೆ, ಮೂರು ಪಟ್ಟಿದ್ದರೆ ಮೂರರಲ್ಲಿ ಎರಡು ಪಾಲು, ನಾಲ್ಕು ಪಟ್ಟಿದ್ದರೆ ಮುಕ್ಕಾಲು. ಅದರಾಚೆ ಎಷ್ಟು ದೂರ ಸರಿಸಿದರೂ ಲಾಭ ಕಡಿಮೆ. ಮೂರು ಪಟ್ಟು ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು.

ಈಗ ನಿಮ್ಮ ಡಿಎಸ್‌ಎಲ್‌ಆರ್‌ಗೆ ಬರೋಣ. 15 ಸೆಂ.ಮೀ. ಎತ್ತರದ ಗೊಂಬೆ. ತಲೆಯ ಮೇಲೆ, ಕಾಲ ಕೆಳಗೆ ಜಾಗ ಬಿಟ್ಟು 25 ಸೆಂ.ಮೀ. ಎತ್ತರದ ಚೌಕಟ್ಟು ಬೇಕು ಎಂದಿಟ್ಟುಕೊಳ್ಳಿ. ಕ್ಯಾಮೆರಾ ಅಡ್ಡ ಹಿಡಿಯದೆ ನಿಲ್ಲಿಸಿ ಹಿಡಿದು, ಲೆನ್ಸ್ 55ರಲ್ಲಿಟ್ಟರೆ ಗೊಂಬೆಯಿಂದ ಸುಮಾರು 65 ಸೆಂ.ಮೀ. ದೂರದಲ್ಲಿರುತ್ತೀರಿ. ಗೋಡೆ ಗೊಂಬೆಗೆ 10 ಸೆಂ.ಮೀ. ಹಿಂದಿದ್ದರೆ ಮಸುಕಿನ ವೃತ್ತ 1.3 ಮಿ.ಮೀ. ಮಾತ್ರ, ಕ್ಯಾಲೆಂಡರಿನ ತಾರೀಕು ಓದಬಹುದು. ಗೋಡೆ ಕ್ಯಾಮೆರಾದಿಂದ 2 ಮೀಟರಿಗೆ ಹೋದರೆ ಅದೇ ಲೆನ್ಸಿನಲ್ಲಿ 6.6 ಮಿ.ಮೀ. ಒಂದು ಪೈಸೆ ಖರ್ಚಿಲ್ಲದೆ ಐದು ಪಟ್ಟು. ಪಡಸಾಲೆಯ ಬಾಗಿಲ ಹತ್ತಿರ ಸ್ಟೂಲ್ ಇಟ್ಟು, ಒಳಗಿನ ಗೋಡೆ ಹಿಂದೆ ಬರುವಂತೆ ನಿಂತರೆ ಈ 2 ಮೀಟರ್ ಸುಲಭವಾಗಿ ಸಿಗುತ್ತದೆ.

ಸೆಟ್ಟಿಂಗ್ ಹೀಗಿರಲಿ. ಡಯಲನ್ನು ಕ್ಯಾನನ್ ಆದರೆ ಎವಿ, ನಿಕಾನ್ ಆದರೆ ಎ ಗುರುತಿಗೆ ತಿರುಗಿಸಿ, ಅಪರ್ಚರ್ 5.6 ಕೊಡಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400ಕ್ಕೆ ಇಡಿ. ಫೋಕಸ್ ಪಾಯಿಂಟ್ ಒಂದೇ ಆರಿಸಿ ಗೊಂಬೆಯ ಹತ್ತಿರದ ಕಣ್ಣಿನ ಮೇಲೆ ಇಡಿ. ಎಲ್ಲ ಪಾಯಿಂಟೂ ಕ್ಯಾಮೆರಾಕ್ಕೇ ಬಿಟ್ಟರೆ ಅದು ಮುಂದಕ್ಕೆ ಚಾಚಿದ ಕೈಯನ್ನೋ ಸೊಂಡಿಲನ್ನೋ ಹಿಡಿಯುತ್ತದೆ, ಕಣ್ಣು ಮಸುಕಾಗುತ್ತದೆ. ಟ್ರೈಪಾಡ್ ಇಲ್ಲದಿದ್ದರೆ ಜೋಳ ತುಂಬಿದ ಸಣ್ಣ ಚೀಲದ ಮೇಲೆ ಕ್ಯಾಮೆರಾ ಕೂರಿಸಿ, 2 ಸೆಕೆಂಡ್ ಟೈಮರ್ ಹಾಕಿ.

ಹಾಗಾದರೆ ಎಲ್ಲರೂ ಹೇಳುವ 50 ಎಂ.ಎಂ. ಎಫ್ 1.8 ಲೆನ್ಸ್? ಅದರ ಕಂಡಿ 28 ಮಿ.ಮೀ., ಕಿಟ್ ಲೆನ್ಸಿನ ಸುಮಾರು ಮೂರು ಪಟ್ಟು. ಹಿನ್ನೆಲೆ ಬೆಣ್ಣೆಯಂತೆ ಕರಗುತ್ತದೆ. ಆದರೆ ನಿಮ್ಮದರಂಥ ಎಪಿಎಸ್-ಸಿ ಸೆನ್ಸರಿನ (ಚಿತ್ರ ಹಿಡಿಯುವ ಫಲಕ ಮಧ್ಯಮ ಗಾತ್ರದ್ದಾದ) ಕ್ಯಾಮೆರಾದಲ್ಲಿ, ಅದೇ 25 ಸೆಂ.ಮೀ. ಚೌಕಟ್ಟಿಗೆ, ಎಫ್ 1.8ರಲ್ಲಿ ಸ್ಪಷ್ಟವಾಗಿ ಬರುವ ಆಳ ಬರೀ 1 ಸೆಂ.ಮೀ. ಗಣಪತಿಯ ಕಣ್ಣು ಸ್ಪಷ್ಟವಿದ್ದರೆ ಕಿವಿಯೂ ಮಸುಕು, ಸೊಂಡಿಲಿನ ತುದಿಯೂ ಮಸುಕು. ಕೊಳ್ಳುವವರು ನೋಡಬೇಕಾದ ಕೆಲಸವೇ ಅಳಿಸಿಹೋಗುತ್ತದೆ. ಎಫ್ 4ಕ್ಕೆ ಹೋದರೆ 2 ಸೆಂ.ಮೀ., ಎಫ್ 5.6ಕ್ಕೆ 3 ಸೆಂ.ಮೀ., ಎಫ್ 8ಕ್ಕೆ 4 ಸೆಂ.ಮೀ.ಗಿಂತ ತುಸು ಹೆಚ್ಚು. ಮಾರಾಟದ ಫೋಟೋಕ್ಕೆ ಎಫ್ 4ರಿಂದ 5.6ರ ನಡುವೆ ಇರಿ ಎಂಬುದು ನಮ್ಮ ಸಲಹೆ. ಎಫ್ 1.8 ಮುಖದ ಒಂದು ಕ್ಲೋಸಪ್‌ಗೆ ಚೆಂದ, ಇಡೀ ಗೊಂಬೆಗೆ ಅಲ್ಲ.

ಸೆಕೆಂಡ್ ಹ್ಯಾಂಡ್ 50 ಕೊಳ್ಳುವವರಿಗೆ ಒಂದು ಎಚ್ಚರಿಕೆ. ನಿಕಾನ್ ಡಿ3000, ಡಿ5000 ಸಾಲಿನ ಕ್ಯಾಮೆರಾಗಳಲ್ಲಿ ಫೋಕಸ್ ಮೋಟರ್ ಇಲ್ಲ. ಹೆಸರಲ್ಲಿ ಬರೀ ಎಎಫ್ ಎಂದಿರುವ 50 ಎಂ.ಎಂ. 1.8ಡಿ ಲೆನ್ಸ್ ಹಾಕಿದರೆ ಕೈಯಲ್ಲೇ ಫೋಕಸ್ ತಿರುಗಿಸಬೇಕು. ಎಎಫ್-ಎಸ್ ಎಂದಿರುವುದನ್ನೇ ಕೇಳಿ ತೆಗೆದುಕೊಳ್ಳಿ. ಕ್ಯಾನನ್ನಿನ ಹಳೆಯ 50 ಎಂ.ಎಂ. 1.8 ಎರಡನೇ ಆವೃತ್ತಿಯಲ್ಲಿ ಕಂಡಿಯನ್ನು ಕಿರಿದು ಮಾಡುವ ಎಲೆಗಳು ಐದೇ. ಎಫ್ 4ರಲ್ಲಿ ಹಿಂದಿನ ದೀಪಗಳು ದುಂಡಗಾಗದೆ ಪಂಚಕೋನವಾಗುತ್ತವೆ. ಅದರ ನಂತರ ಬಂದ ಎಸ್‌ಟಿಎಮ್ ಆವೃತ್ತಿಯಲ್ಲಿ ಏಳು ಎಲೆಗಳಿವೆ, 35 ಸೆಂ.ಮೀ.ವರೆಗೆ ಹತ್ತಿರವೂ ಹೋಗುತ್ತದೆ.

ಗೊಂಬೆಗೆ ನಮಗೆ ಹೆಚ್ಚು ಹಿಡಿಸಿದ್ದು ಬೇರೊಂದು, 55-250 ಅಥವಾ 70-300 ಜೂಮ್. ಬಹಳ ಮನೆಗಳಲ್ಲಿ ಕಿಟ್ ಜೊತೆ ಬಂದು ಚೀಲದಲ್ಲೇ ಉಳಿದಿರುತ್ತದೆ, ತಮ್ಮನನ್ನು ಒಮ್ಮೆ ಕೇಳಿ ನೋಡಿ. 200ಕ್ಕೆ ಜೂಮ್ ಮಾಡಿ ಎಫ್ 5.6 ಕೊಟ್ಟರೆ ಕಂಡಿ 36 ಮಿ.ಮೀ., 50 ಎಂ.ಎಂ. 1.8ಕ್ಕಿಂತಲೂ ಅಗಲ. ಗೊಂಬೆ ಚೌಕಟ್ಟಿನಲ್ಲಿ ಅಷ್ಟೇ ದೊಡ್ಡದಾಗಿ ಕಾಣುವವರೆಗೆ, ಸ್ಪಷ್ಟತೆಯ ಆಳ ಎಫ್ ಸಂಖ್ಯೆಯನ್ನೇ ಅವಲಂಬಿಸಿರುತ್ತದೆ. ಲೆನ್ಸ್ 55 ಆಗಲಿ 200 ಆಗಲಿ ಎಫ್ 5.6ರಲ್ಲಿ ಸುಮಾರು 3 ಸೆಂ.ಮೀ. ಹೀಗಾಗಿ ಗೊಂಬೆ 3 ಸೆಂ.ಮೀ. ಆಳಕ್ಕೆ ಸ್ಪಷ್ಟವಾಗಿಯೇ ಉಳಿದು, ಹಿನ್ನೆಲೆ ಮಾತ್ರ ಕಿಟ್ ಲೆನ್ಸಿಗಿಂತ ಮೂರೂವರೆ ಪಟ್ಟು ಹೆಚ್ಚು ಮಸುಕಾಗುತ್ತದೆ. ಇಷ್ಟು ಒಳ್ಳೆಯ ಲಾಭ 50ರಲ್ಲಿ ಸಿಗುವುದಿಲ್ಲ.

ಇದಕ್ಕೆ ಜಾಗ ಬೇಕು. 200ರಲ್ಲಿ ನೀವು ಗೊಂಬೆಯಿಂದ ಸುಮಾರು 2.4 ಮೀಟರ್ ದೂರ ನಿಲ್ಲಬೇಕಾಗುತ್ತದೆ. ಮೂರು ಪಟ್ಟಿನ ಲೆಕ್ಕದಲ್ಲಿ ಹಿನ್ನೆಲೆ 7 ಮೀಟರ್ ಆಚೆ. ಕೋಣೆಯಲ್ಲಿ ಆಗದ ಮಾತು. ಅಂಗಳಕ್ಕೆ ಬನ್ನಿ. ಮನೆ ಮುಂದಿನ ಕಟ್ಟೆಯ ಮೇಲೆ ಗೊಂಬೆ ಇಟ್ಟರೆ ಬೀದಿಯ ಆ ಬದಿಯ ಬೇವಿನ ಮರ ಹಸಿರು ಪರದೆಯಾಗುತ್ತದೆ. ಊರ ಹೊರಗಿನ ಬಂಡೆಗುಡ್ಡ ಹಿಂದೆ ಬಂದರೆ ಕಂದು-ಗುಲಾಬಿ ಬಣ್ಣದ ಮೆದು ಹಿನ್ನೆಲೆ ಸಿಗುತ್ತದೆ, ಕಿನ್ನಾಳದ ಕೆಂಪು, ಹಳದಿ, ಹಸಿರಿಗೆ ಅದು ಬಹಳ ಒಪ್ಪುತ್ತದೆ. 200ರಲ್ಲಿ ಕೈ ನಡುಗಿದ್ದು ಬೇಗ ಗೊತ್ತಾಗುತ್ತದೆ. ಕೈಯಲ್ಲಿ ಹಿಡಿದರೆ ಶಟರ್ ವೇಗ 1/320 ಸೆಕೆಂಡಿಗಿಂತ ನಿಧಾನವಾಗದಿರಲಿ.

ಮಿರರ್‌ಲೆಸ್ ಇದ್ದವರಿಗೂ ಇದೇ ಲೆಕ್ಕ. ಕನ್ನಡಿ ಇಲ್ಲದ್ದರಿಂದ ಮಸುಕು ಹೆಚ್ಚೂ ಆಗದು ಕಡಿಮೆಯೂ ಆಗದು. ಕಣ್ಣು ಹುಡುಕುವ ಫೋಕಸ್ ಬರೆದ ಕಣ್ಣನ್ನು ಒಮ್ಮೆ ಹಿಡಿದು ಒಮ್ಮೆ ಬಿಡುತ್ತದೆ, ನಂಬಬೇಡಿ. ಪರದೆಯನ್ನು ದೊಡ್ಡದು ಮಾಡಿ ನೀವೇ ನೋಡಿ. ಇನ್ನು ಫುಲ್‌ಫ್ರೇಮ್ (ಇನ್ನೂ ದೊಡ್ಡ ಸೆನ್ಸರಿನ) ಕ್ಯಾಮೆರಾ ಕೊಂಡು ಅದೇ 50 ಎಂ.ಎಂ. 1.8 ಹಾಕಿ ಅದೇ ಚೌಕಟ್ಟು ಹಿಡಿದರೆ, ಬಹು ದೂರದ ಹಿನ್ನೆಲೆಯ ಮಸುಕು ಗೊಂಬೆಗೆ ಹೋಲಿಸಿದರೆ ಅಷ್ಟೇ ಇರುತ್ತದೆ, ಏಕೆಂದರೆ ಕಂಡಿ ಅದೇ 28 ಮಿ.ಮೀ. ನೀವು ಹತ್ತಿರ ಹೋಗಬೇಕಾಗುವುದರಿಂದ ಸಮೀಪದ ಗೋಡೆ ತುಸು ಹೆಚ್ಚು ಮಸುಕಾಗುತ್ತದೆ ಅಷ್ಟೇ. ಗೊಂಬೆ ಮಾರಾಟಕ್ಕೆಂದು ಅಷ್ಟು ಹಣ ಹಾಕುವುದು ಬೇಡ.

ಮೊಬೈಲಿನಲ್ಲಿ ಕಥೆ ಬೇರೆ. ಮುಖ್ಯ ಲೆನ್ಸಿಗೆ ಎಫ್ 1.8 ಎಂದು ಬರೆದಿದ್ದರೂ ಅದರ ನಿಜವಾದ ಫೋಕಲ್ ಲೆಂತ್ 5-7 ಮಿ.ಮೀ. ಮಾತ್ರ. ಕಂಡಿ 3-4 ಮಿ.ಮೀ. ಆದ್ದರಿಂದ 15 ಸೆಂ.ಮೀ. ಗೊಂಬೆಯನ್ನು ಇಡಿಯಾಗಿ ತೆಗೆದರೆ ನಿಜವಾದ ಮಸುಕು ಇಷ್ಟೇ ಇಷ್ಟು. ಆದರೆ ಕಿವಿಯೋಲೆ, ಉಂಗುರ, ಅಥವಾ ಗೊಂಬೆಯ ಮುಖವಷ್ಟೇ ಬರುವ 8 ಸೆಂ.ಮೀ. ಚೌಕಟ್ಟಿನಲ್ಲಿ ಅದೇ 3-4 ಮಿ.ಮೀ. ಕಣ್ಣಿಗೆ ಹಿತವಾಗಿ ಕಾಣುತ್ತದೆ. ಇನ್ನೊಂದು ಅನುಕೂಲ: ಮೊಬೈಲ್ ಇಡೀ ಗೊಂಬೆಗೂ 18-20 ಸೆಂ.ಮೀ. ಹತ್ತಿರ ಇರುವುದರಿಂದ ಹಿನ್ನೆಲೆ 60 ಸೆಂ.ಮೀ. ದೂರವಿದ್ದರೂ ಸಾಕು, ಅದು ಕೊಡಬಲ್ಲ ಮಸುಕಿನ ಬಹುಪಾಲು ಸಿಕ್ಕಿಬಿಡುತ್ತದೆ.

ಇಲ್ಲಿ ಎರಡು ಕಡೆ ಕೆಲಸ ಕೆಡುತ್ತದೆ. ಹತ್ತಿರ ಹೋದಾಗ ಕೆಲವು ಮೊಬೈಲುಗಳು ತಾವೇ ಮ್ಯಾಕ್ರೋಗೆ (ತೀರ ಹತ್ತಿರದ್ದನ್ನು ತೆಗೆಯುವ ಮೋಡ್) ಬದಲಾಗಿ ಅಲ್ಟ್ರಾವೈಡ್ ಲೆನ್ಸ್ ಬಳಸುತ್ತವೆ. ಪರದೆಯಲ್ಲಿ ಚಿತ್ರ ಒಮ್ಮೆ ಜಿಗಿದಂತಾಗಿ, ಸಣ್ಣ ಹೂವಿನ ಗುರುತು ಮೂಡುತ್ತದೆ. ಆ ಲೆನ್ಸಿನ ಕಂಡಿ ಇನ್ನೂ ಸಣ್ಣದು, ಹಿಂದಿನದೆಲ್ಲ ಮತ್ತೆ ಎದ್ದು ಬರುತ್ತದೆ. ಹೂವಿನ ಗುರುತು ಒತ್ತಿ ಅದನ್ನು ಆಫ್ ಮಾಡಿ, ಸ್ವಲ್ಪ ಹಿಂದೆ ಸರಿಯಿರಿ. ಎರಡನೆಯದು 2ಎಕ್ಸ್, 3ಎಕ್ಸ್ ಜೂಮ್. ಟೆಲಿ ಲೆನ್ಸ್ (ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್) ಇರುವ ಮೊಬೈಲಿನಲ್ಲೂ ಗೊಂಬೆ ತೀರ ಹತ್ತಿರವಿದ್ದರೆ ಅದು ಟೆಲಿ ಬಿಟ್ಟು ಮುಖ್ಯ ಲೆನ್ಸಿನ ಚಿತ್ರವನ್ನೇ ಕತ್ತರಿಸಿ ದೊಡ್ಡದು ಮಾಡಿ ತೋರಿಸುತ್ತದೆ. ಪರೀಕ್ಷೆ ಸುಲಭ: ಟೆಲಿ ಲೆನ್ಸಿನ ಮೇಲೆ ಬೆರಳಿಡಿ. ಪರದೆ ಕಪ್ಪಾಗದಿದ್ದರೆ ಟೆಲಿ ಕೆಲಸ ಮಾಡುತ್ತಿಲ್ಲ. ಅದು ಕಪ್ಪಾಗುವವರೆಗೆ ಹಿಂದೆ ಸರಿಯಿರಿ.

ಪೋರ್ಟ್ರೇಟ್ ಮೋಡ್ ಮಸುಕನ್ನು ಲೆಕ್ಕ ಹಾಕಿ ಬಳಿಯುತ್ತದೆ. ಗೊಂಬೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ಅದು ಊಹಿಸಬೇಕು. ಕೃಷ್ಣನ ಕೊಳಲು, ಗರುಡನ ರೆಕ್ಕೆಯ ತುದಿ, ತೋಳು-ಸೊಂಟದ ನಡುವಿನ ಸಂದು ತಪ್ಪುವುದು ಅದಕ್ಕೇ. ಕೊಳಲಿನ ಅರ್ಧ ಮಾಯವಾಗುತ್ತದೆ, ಸಂದಿನಲ್ಲಿ ಗೋಡೆ ಸ್ಪಷ್ಟವಾಗಿ ಉಳಿಯುತ್ತದೆ. ಗೊಂಬೆಯ ಬಣ್ಣಕ್ಕೆ ವಿರುದ್ಧವಾದ ಒಂದೇ ಬಣ್ಣದ ಹಿನ್ನೆಲೆ ಇದ್ದರೆ ತಪ್ಪು ಬಹಳ ಕಡಿಮೆಯಾಗುತ್ತದೆ. ಮಸುಕು ಹೆಚ್ಚು-ಕಡಿಮೆ ಮಾಡುವ ಎಫ್ ಪಟ್ಟಿಯನ್ನು 1.4ಕ್ಕೆ ಎಳೆಯದೆ 4 ಅಥವಾ 5.6ಕ್ಕೆ ಬಿಡಿ. ಐಫೋನ್ ಎಕ್ಸ್‌ಆರ್‌ನಂಥ ಕೆಲವು ಮೊಬೈಲುಗಳಲ್ಲಿ ಪೋರ್ಟ್ರೇಟ್ ಮೋಡ್ ಮನುಷ್ಯರಿಗೆ ಮಾತ್ರ. ಗೊಂಬೆಯ ಮುಂದೆ ಅದು ಒಲ್ಲೆ ಎನ್ನುವುದು ಮೊಬೈಲ್ ಕೆಟ್ಟಿದ್ದರಿಂದಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಎಚ್‌ಡಿ ಆರಿಸಿ, ಇಲ್ಲವಾದರೆ ಗೊಂಬೆಯ ಸಣ್ಣ ಕುಸುರಿಯೂ ಕುಗ್ಗಿಹೋಗುತ್ತದೆ.

ಹಳೆಯ ಸಣ್ಣ ಡಿಜಿಟಲ್ ಕ್ಯಾಮೆರಾಗಳ ಕಂಡಿಯೂ ಮೊಬೈಲಿನಷ್ಟೇ, ಅದಕ್ಕಾಗಿ ಕಪಾಟು ಹುಡುಕಬೇಡಿ. ಉದ್ದ ಜೂಮಿನ ಸೂಪರ್‌ಜೂಮ್ ಮಾತ್ರ ಉಪಯೋಗಕ್ಕೆ ಬರುತ್ತದೆ. 3-4 ಮೀಟರ್ ಹಿಂದೆ ಸರಿದು ಜೂಮ್ ಮಾಡಿದರೆ ಕಿಟ್ ಲೆನ್ಸಿಗಿಂತ ಚೆನ್ನಾಗಿ ಮಸುಕು ಮಾಡುತ್ತದೆ, ಹಿನ್ನೆಲೆ ಹತ್ತು ಮೀಟರ್ ಆಚೆ ಇರಬೇಕು.

ಬೆಳಕಿನ ಬಗ್ಗೆ ನೀವು ಕೇಳಿಲ್ಲ, ಆದರೆ ಬಿಡುವಂತಿಲ್ಲ. ಕಿನ್ನಾಳ ಗೊಂಬೆಯ ಆಭರಣ ಬರೀ ಬಣ್ಣದಲ್ಲಿ ಬರೆದದ್ದಲ್ಲ. ಕಲ್ಲಿನ ಪುಡಿಗೆ ಅಂಟು ಕಲಸಿ ಉಬ್ಬಿಸಿ ಎಬ್ಬಿಸಿದ್ದು. ನೇರ ಎದುರಿನಿಂದ ಫ್ಲಾಶ್ ಹೊಡೆದರೆ ಆ ಉಬ್ಬು ಚಪ್ಪಟೆಯಾಗುತ್ತದೆ, ಮಿರುಗುವ ಬಣ್ಣದ ಮೇಲೆ ಬಿಳಿ ಕಲೆ ಬೀಳುತ್ತದೆ. ಬಾಗಿಲು ಅಥವಾ ಕಿಟಕಿ ಗೊಂಬೆಯ ಒಂದು ಪಕ್ಕಕ್ಕೆ ಬರಲಿ, ಇನ್ನೊಂದು ಪಕ್ಕಕ್ಕೆ ಒಂದು ಅಡಿ ದೂರದಲ್ಲಿ ಬಿಳಿ ಥರ್ಮಾಕೋಲ್ ಹಲಗೆ ನಿಲ್ಲಿಸಿ. ಸರ, ಕಿರೀಟ, ತೋಳಬಂದಿಯ ಪ್ರತಿ ಉಬ್ಬಿಗೂ ಸಣ್ಣ ನೆರಳು ಬಿದ್ದು ಕೈಕೆಲಸ ಎದ್ದು ಕಾಣುತ್ತದೆ. ರೆಕ್ಕೆ ಬಿಚ್ಚಿದ ಗರುಡನಂಥ ಅಗಲದ ಗೊಂಬೆಯನ್ನು ಓರೆಯಾಗಿ ಇಡಬೇಡಿ. ಎರಡೂ ರೆಕ್ಕೆ ಕ್ಯಾಮೆರಾಕ್ಕೆ ಸಮ ದೂರದಲ್ಲಿದ್ದರೆ ಆ 3 ಸೆಂ.ಮೀ. ಆಳದಲ್ಲೇ ಎಲ್ಲ ಹಿಡಿಸುತ್ತದೆ.

ಹಿನ್ನೆಲೆ ಮಸುಕಾದರೂ ಅದರ ಹೊಳಪು ಹೋಗುವುದಿಲ್ಲ. ಕಿಟಕಿಯ ಸರಳು ದಪ್ಪ ಪಟ್ಟೆಗಳಾಗಿ ಗೊಂಬೆಯ ತಲೆಯಿಂದ ಹೊರಟಂತೆ ಕಾಣುತ್ತವೆ, ಬಿಳಿ ಬಕೆಟ್ ದೊಡ್ಡ ಬಿಳಿ ಮಚ್ಚೆಯಾಗುತ್ತದೆ. ತೆಗೆಯುವ ಮುನ್ನ ಅವನ್ನು ಸರಿಸಿ, ಇಲ್ಲವೇ ನೀವೇ ಒಂದು ಗೇಣು ಪಕ್ಕಕ್ಕೆ ಸರಿಯಿರಿ.

ಮಧ್ಯಾಹ್ನದ ನೇರ ಬಿಸಿಲಿನಲ್ಲಂತೂ ತೆಗೆಯಬೇಡಿ. ಅಂಥ ಬಿಸಿಲಿಗೆ ಐಎಸ್‌ಒ 100ರಲ್ಲಿ ಎಫ್ 1.8 ಕೊಟ್ಟರೆ ಸುಮಾರು 1/8000 ಶಟರ್ ಬೇಕು. ಆರಂಭಿಕ ದರ್ಜೆಯ ಡಿಎಸ್‌ಎಲ್‌ಆರ್‌ಗಳ ಶಟರ್ 1/4000ಕ್ಕೆ ನಿಲ್ಲುತ್ತದೆ, ಫೋಟೋ ಬೆಳ್ಳಗೆ ಸುಟ್ಟುಹೋಗುತ್ತದೆ. ಎಫ್ 5.6ರಲ್ಲಿ 1/800 ಸಾಕಾದರೂ ಮೂಗಿನ ಕೆಳಗೆ, ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು ಕೂರುತ್ತದೆ. ಬೆಳಿಗ್ಗೆ ಎಂಟರೊಳಗೆ, ಸಂಜೆ ಐದರ ನಂತರ, ಅಥವಾ ದಿನವಿಡೀ ಕಟ್ಟೆಯ ನೆರಳಿನಲ್ಲಿ ತೆಗೆಯಿರಿ. ನೆರಳಿನಲ್ಲಿ ತೆಗೆಯುವಾಗ ಬಣ್ಣ ಸರಿಪಡಿಸುವ ವೈಟ್ ಬ್ಯಾಲೆನ್ಸನ್ನು ಶೇಡ್ ಗುರುತಿಗೆ ಇಡಿ, ಇಲ್ಲದಿದ್ದರೆ ಗೊಂಬೆಯ ಅರಿಶಿಣ ಬಣ್ಣ ನೀಲಿಗೆ ತಿರುಗಿ ಮಂಕಾಗುತ್ತದೆ.